ಗುರುವರ್ಯ ವೆಂಕಣ್ಣಯ್ಯ

ಹೊಸ ಊರಿಗೆ ಮೊದಲ ಸಲ ಬಂದವನಿಗೆ ಆ ಊರಿನ ಬೀದಿಗಳೂ ಜನರೂ ಅಪರಿಚಿತವಾಗಿರುತ್ತವೆ. ಎತ್ತ ಹೋಗಬೇಕು, ಯಾರನ್ನು ಕೇಳಬೇಕು ಎಂದು ತಿಳಿಯದೆ ಅವನು ತಡವರಿಸುತ್ತಾನೆ. ಆಗ ಮನೆಯ ಜಗುಲಿಯಲ್ಲಿ ಕುಳಿತ ಹಿರಿಯರೊಬ್ಬರು ಅವನನ್ನು ಕರೆದು, ಬಾಯಾರಿಕೆಗೆ ನೀರು ಕೊಟ್ಟು, ದಾರಿ ತೋರಿಸಿದರೆ ಊರೇ ಅವನದಾಗುತ್ತದೆ. ವಿದ್ಯೆಯ ಊರಿನಲ್ಲಿಯೂ ಹೀಗೆಯೇ. ಅಲ್ಲಿ ಹೊಸಬರನ್ನು ಎದುರುಗೊಳ್ಳುವ ಹಿರಿಯರು ಬೇಕು. ಕನ್ನಡವು ವಿಶ್ವವಿದ್ಯಾನಿಲಯದ ಉನ್ನತ ತರಗತಿಯನ್ನು ಪ್ರವೇಶಿಸಿದ ಕಾಲದಲ್ಲಿ ಹೀಗೆ ಬಾಗಿಲಲ್ಲಿ ನಿಂತು ತರುಣರನ್ನು ಒಳಗೆ ಕರೆದುಕೊಂಡ ಮಹನೀಯರು ಪ್ರೊಫೆಸರ್ ಟಿ. ಎಸ್. ವೆಂಕಣ್ಣಯ್ಯನವರು.

ಇಂದು ಕರ್ನಾಟಕದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡದಲ್ಲಿ ಎಂ.ಎ. ಪದವಿಗೆ ಓದಬಹುದು, ಸಂಶೋಧನೆಯನ್ನೂ ನಡೆಸಬಹುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸ್ಥಿತಿ ಇರಲಿಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇವೆರಡೂ ಅದರ ಆಧಾರಸ್ತಂಭಗಳಾದುವು. ಆದರೆ ಕನ್ನಡ ನಾಡಿನ ಆ ವಿದ್ಯಾಮಂದಿರದಲ್ಲಿಯೂ ಇಂಗ್ಲಿಷೇ ಬೋಧನೆಯ ಭಾಷೆ, ಗೌರವದ ಭಾಷೆ. ಚರಿತ್ರೆ, ತತ್ತ್ವಶಾಸ್ತ್ರ, ವಿಜ್ಞಾನಗಳನ್ನು ಬೋಧಿಸುವ ಅಧ್ಯಾಪಕರಿಗೆ ದೊರೆಯುತ್ತಿದ್ದ ಸ್ಥಾನ ಕನ್ನಡ ಪಂಡಿತರಿಗೆ ದೊರೆಯುತ್ತಿರಲಿಲ್ಲ. ಕನ್ನಡ ಮನೆಯಲ್ಲಿ ಆಡುವ ಮಾತು. ಅದನ್ನು ಕಾಲೇಜಿಗೆ ಹೋಗಿ ಓದುವುದೇನು ಎಂಬ ಭಾವನೆ ವಿದ್ಯಾವಂತರಲ್ಲಿಯೇ ಬೇರೂರಿತ್ತು.

ಈ ಭಾವನೆಗೆ ಅಜ್ಞಾನವೂ ಒಂದು ಕಾರಣ. ಸಾವಿರ ವರ್ಷಕ್ಕೂ ಮಿಗಿಲಾದ ನಮ್ಮ ಸಾಹಿತ್ಯದ ಬಹುಭಾಗ ಆಗ ಓಲೆಗರಿಗಳಲ್ಲಿ ಅಡಗಿತ್ತು. ಕವಿರಾಜಮಾರ್ಗವೂ ಪಂಪನ ವಿಕ್ರಮಾರ್ಜುನ ವಿಜಯವೂ ಅಚ್ಚಾಗಿ ಹೊರಬಂದುದು 1898ರಲ್ಲಿ. ಕನ್ನಡ ಕವಿಗಳ ಕಾಲ ದೇಶಗಳನ್ನು ತಿಳಿಸುವ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಬೆಳಕು ಕಂಡುದು 1907ರಲ್ಲಿ. ತನ್ನ ಮನೆಯ ನೆಲದಡಿಯಲ್ಲಿ ನಿಧಿಯಿದ್ದರೂ ಅರಿಯದೆ ಪರರ ಸಿರಿಯನ್ನು ಕಂಡು ಬೆರಗಾಗುವವನಂತೆ ಕನ್ನಡಿಗನು ಇದ್ದನು.

ಇಂಥ ಕಾಲದಲ್ಲಿ ಕನ್ನಡದ ಸೇವೆಗೆ ಬದುಕನ್ನು ಮುಡಿಪಾಗಿಟ್ಟ ವೆಂಕಣ್ಣಯ್ಯನವರು ಜನಿಸಿದುದು 1885ರಲ್ಲಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು ಎಂಬ ಗ್ರಾಮದಲ್ಲಿ. ತಂದೆ ಸುಬ್ಬಣ್ಣನವರು. ಮಳೆ ಕಡಮೆಯಾದ, ಬಿಸಿಲಿಗೆ ಹೆಸರಾದ ಪ್ರದೇಶ ಅದು. ಆದರೆ ಆ ಒಣನೆಲದ ಒಂದು ಮನೆತನದಿಂದ ಕನ್ನಡ ಸಾಹಿತ್ಯಕ್ಕೆ ಒಳ್ಳೆಯ ಬೆಳೆ ಬಂದಿತು. ವೆಂಕಣ್ಣಯ್ಯನವರ ಕಿರಿಯ ಸೋದರರಾದ ತ. ಸು. ಶಾಮರಾಯರು ಅಣ್ಣನ ಜಾಡಿನಲ್ಲಿಯೇ ನಡೆದು ಕನ್ನಡದ ವಿದ್ವಾಂಸರೂ ಪ್ರಾಧ್ಯಾಪಕರೂ ಆದರು. ಚಿತ್ರದುರ್ಗದ ಇತಿಹಾಸವನ್ನು ಕಾದಂಬರಿಗಳಲ್ಲಿ ಜೀವಂತಗೊಳಿಸಿದ ತ. ರಾ. ಸುಬ್ಬರಾಯರೂ ಇದೇ ಮನೆತನದವರು.

ಹಳ್ಳಿಯಿಂದ ಹೊರಟ ವೆಂಕಣ್ಣಯ್ಯನವರು ಉನ್ನತ ವ್ಯಾಸಂಗವನ್ನು ಮುಗಿಸಿ, ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿಯನ್ನು ಪಡೆದು, ಉಪಾಧ್ಯಾಯ ವೃತ್ತಿಯನ್ನು ಕೈಕೊಂಡರು. ಅವರು ಎತ್ತರದ ಆಳು. ನೂರು ಜನರ ನಡುವೆ ನಿಂತರೂ ಎದ್ದುಕಾಣುವ ನಿಲುವು. ಆದರೆ ಆ ನಿಲುವಿನಲ್ಲಿ ಗರ್ವದ ಸುಳಿವಿರಲಿಲ್ಲ. ಅವರನ್ನು ಬಲ್ಲವರೆಲ್ಲರೂ ನೆನೆಯುವುದು ಅವರ ಸರಳತೆಯನ್ನು, ಮೃದುವಾದ ನಡೆನುಡಿಯನ್ನು, ವಿದ್ಯಾರ್ಥಿಗಳ ಮೇಲೆ ಅವರಿಗಿದ್ದ ವಾತ್ಸಲ್ಯವನ್ನು.

ಅವರಿಗೆ ದೊರೆತ ಬಾಳಿನ ದೊಡ್ಡ ಭಾಗ್ಯವೆಂದರೆ ಎ. ಆರ್. ಕೃಷ್ಣಶಾಸ್ತ್ರಿಗಳ ಸ್ನೇಹ. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನು ಕಟ್ಟಿ, 1919ರಲ್ಲಿ ಪ್ರಬುದ್ಧ ಕರ್ಣಾಟಕ ಎಂಬ ಪತ್ರಿಕೆಯನ್ನು ಆರಂಭಿಸಿದವರು. ಈ ಇಬ್ಬರು ಗೆಳೆಯರೂ ಕೂಡಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಕನ್ನಡಕ್ಕೆ ತಂದರು. ಹಳೆಯ ಕಾವ್ಯಗಳನ್ನು ಸಂಗ್ರಹಿಸಿ ಸಂಪಾದಿಸುವ ಕೆಲಸದಲ್ಲಿಯೂ ಅವರು ಜೊತೆಗಾರರಾದರು. ಒಬ್ಬರನ್ನು ನೆನೆದರೆ ಇನ್ನೊಬ್ಬರ ನೆನಪು ಬಾರದೆ ಇರುವಂತಿರಲಿಲ್ಲ. ಆದುದರಿಂದಲೇ ಕನ್ನಡಿಗರು ಈ ಜೋಡಿಯನ್ನು ಕನ್ನಡದ ಅಶ್ವಿನೀದೇವತೆಗಳೆಂದು ಕರೆದರು. ಪುರಾಣದ ಅಶ್ವಿನೀದೇವತೆಗಳು ವೈದ್ಯರು. ಸೊರಗಿದ್ದ ಕನ್ನಡಕ್ಕೆ ಚೈತನ್ಯ ನೀಡಿದ ಇವರಿಗೆ ಆ ಹೆಸರು ಒಪ್ಪುವಂಥದು.

ಇದೇ ಕಾಲದಲ್ಲಿ ಮತ್ತೊಬ್ಬ ಮಹಾನುಭಾವರು ಕನ್ನಡಕ್ಕೆ ವಿಶ್ವವಿದ್ಯಾನಿಲಯದಲ್ಲಿ ತಕ್ಕ ಪೀಠವನ್ನು ದೊರಕಿಸಲು ಶ್ರಮಿಸುತ್ತಿದ್ದರು. ಅವರು ಬಿ. ಎಂ. ಶ್ರೀಕಂಠಯ್ಯನವರು. ವೃತ್ತಿಯಿಂದ ಅವರು ಇಂಗ್ಲಿಷ್ ಅಧ್ಯಾಪಕರು. ಆದರೆ ಅವರ ಹೃದಯ ಕನ್ನಡದಲ್ಲಿ ನೆಲೆಸಿತ್ತು. 1926ರಲ್ಲಿ ಅವರ ಇಂಗ್ಲಿಷ್ ಗೀತಗಳು ಪ್ರಕಟವಾಗಿ ಹೊಸಗನ್ನಡ ಕಾವ್ಯಕ್ಕೆ ಹೊಸ ಹಾದಿಯನ್ನು ತೆರೆಯಿತು. ಅದೇ ವರ್ಷ ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. ಅಧಿಕಾರವು ಕೈಗೆ ಬಂದಾಗ ಅದನ್ನು ಕನ್ನಡದ ಹಿತಕ್ಕೆ ಬಳಸಿದರು. 1927ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಆ ತರಗತಿಯ ಹೊಣೆಯನ್ನು ಹೊತ್ತವರಲ್ಲಿ ಪ್ರಮುಖರು ವೆಂಕಣ್ಣಯ್ಯನವರು. ಆಗ ಅವರಿಗೆ ನಲವತ್ತೆರಡರ ಪ್ರಾಯ. ಮುಂದೆ ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂಬ ಕೀರ್ತಿ ಅವರದಾಯಿತು.

ಆಜ್ಞೆ ಹೊರಟಿತು, ತರಗತಿ ಸಿದ್ಧವಾಯಿತು. ಆದರೆ ಒಂದು ದೊಡ್ಡ ಪ್ರಶ್ನೆ ಉಳಿದೇ ಇತ್ತು. ಆ ತರಗತಿಗೆ ಬರುವವರು ಯಾರು? ಬಾವಿ ತೋಡಿದರೆ ಸಾಲದು, ನೀರು ಸೇದುವವರೂ ಬೇಕು. ಬಿ.ಎ. ಪರೀಕ್ಷೆಯಲ್ಲಿ ಒಳ್ಳೆಯ ಹೆಸರು ಪಡೆದ ಹುಡುಗರು ಇಂಗ್ಲಿಷನ್ನೋ ಚರಿತ್ರೆಯನ್ನೋ ತತ್ತ್ವಶಾಸ್ತ್ರವನ್ನೋ ಆರಿಸಿಕೊಳ್ಳುತ್ತಿದ್ದರು. ಇಲ್ಲವೇ ನ್ಯಾಯಶಾಸ್ತ್ರ ಓದಿ ವಕೀಲರಾಗುತ್ತಿದ್ದರು, ಸರ್ಕಾರದ ಚಾಕರಿ ಹಿಡಿಯುತ್ತಿದ್ದರು. ಕನ್ನಡ ಎಂ.ಎ. ಮಾಡಿದವನಿಗೆ ಯಾವ ಕೆಲಸ ಕಾದಿರುತ್ತದೆ ಎಂದು ಹೇಳುವವರಿರಲಿಲ್ಲ. ಮಗನನ್ನು ಸಾಲಸೋಲ ಮಾಡಿ ಓದಿಸಿದ ತಂದೆ ತಾಯಿಗಳಿಗೆ ಈ ಆಯ್ಕೆ ಒಪ್ಪಿಗೆಯಾಗುವುದು ಸುಲಭವಾಗಿರಲಿಲ್ಲ. ಬುದ್ಧಿವಂತನಾದ ತರುಣನಿಗೆ ಕನ್ನಡಕ್ಕೆ ಬಾ ಎಂದು ಹೇಳುವುದೆಂದರೆ ಅವನ ಭವಿಷ್ಯವನ್ನೇ ಪಣಕ್ಕೆ ಒಡ್ಡು ಎಂದು ಕೇಳಿದಂತೆ. ಹಾಗೆ ಕರೆಯಲು ಧೈರ್ಯ ಬೇಕು. ಕರೆದ ಮೇಲೆ ಕೈಬಿಡದಿರಲು ಅದಕ್ಕಿಂತ ಹೆಚ್ಚಿನ ಪ್ರೀತಿ ಬೇಕು. ವೆಂಕಣ್ಣಯ್ಯನವರಲ್ಲಿ ಇವೆರಡೂ ಇದ್ದುವು.

ಆ ವರ್ಷ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರಲ್ಲಿ ಮಲೆನಾಡಿನ ಕುಪ್ಪಳಿಯ ತರುಣ ಕೆ. ವಿ. ಪುಟ್ಟಪ್ಪನವರು ಒಬ್ಬರು. ಅವರು ಬಾಲ್ಯದಲ್ಲಿಯೇ ಕವಿತೆಯ ಹುಚ್ಚು ಹಿಡಿಸಿಕೊಂಡವರು. ಮೊದಲಲ್ಲಿ ಅವರು ಬರೆದುದು ಇಂಗ್ಲಿಷಿನಲ್ಲಿ. 1922ರಲ್ಲಿ ಅವರ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕವೊಂದು ಅಚ್ಚಾಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು ಆ ಕವಿತೆಗಳನ್ನು ನೋಡಿ, ತಾಯಿನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದ ಮೇಲೆ ಪುಟ್ಟಪ್ಪನವರ ಲೇಖನಿ ಕನ್ನಡದತ್ತ ತಿರುಗಿತು. ಮೈಸೂರಿನ ಶ್ರೀರಾಮಕೃಷ್ಣಾಶ್ರಮವು ಅವರ ವಾಸಸ್ಥಾನವಾಗಿತ್ತು. ಬಿ.ಎ. ತರಗತಿಯಲ್ಲಿ ಅವರು ಅಭ್ಯಾಸ ಮಾಡಿದುದು ತತ್ತ್ವಶಾಸ್ತ್ರವನ್ನು. ಎಂ.ಎ. ಪದವಿಗೂ ಅದನ್ನೇ ಓದಬೇಕೆಂಬುದು ಅವರ ಮನಸ್ಸಿನ ಒಲವು.

ವೆಂಕಣ್ಣಯ್ಯನವರು ಆ ತರುಣನ ಶಕ್ತಿಯನ್ನು ಗುರುತಿಸಿದರು. ತತ್ತ್ವಶಾಸ್ತ್ರಕ್ಕೆ ಓದುಗರ ಕೊರತೆಯಿರಲಿಲ್ಲ. ಒಬ್ಬ ಪುಟ್ಟಪ್ಪನವರು ಹೋಗದಿದ್ದರೆ ಆ ತರಗತಿಗೆ ನಷ್ಟವಾಗುತ್ತಿರಲಿಲ್ಲ. ಕನ್ನಡದ ಸ್ಥಿತಿ ಹಾಗಿರಲಿಲ್ಲ. ಆಗ ತಾನೇ ಕಣ್ಣು ತೆರೆಯುತ್ತಿದ್ದ ಕನ್ನಡ ತರಗತಿಗೆ ಅಂಥ ಪ್ರತಿಭಾವಂತರು ಬಂದರೆ ನಾಡಿಗೇ ಲಾಭ. ಕವಿಯಾಗಬೇಕಾದವನಿಗೂ ಪಂಪ, ರನ್ನ, ಹರಿಹರ, ಕುಮಾರವ್ಯಾಸರ ಒಡನಾಟ ದೊರೆಯುತ್ತದೆ. ವೆಂಕಣ್ಣಯ್ಯನವರು ಆ ಶಿಷ್ಯನ ಮನವೊಲಿಸಿ ಕನ್ನಡ ತರಗತಿಗೆ ಕರೆತಂದರು. ಅಧಿಕಾರದ ಮಾತಿಗೆ ಬಗ್ಗದ ಸ್ವಾಭಿಮಾನಿ ತರುಣ ಪ್ರೀತಿಯ ಮಾತಿಗೆ ಒಲಿದನು. ಕುವೆಂಪು ಎಂಬ ಹೆಸರಿನಿಂದ ಮುಂದೆ ಲೋಕವಿಖ್ಯಾತರಾದ ಕವಿ ಕನ್ನಡ ಎಂ.ಎ. ತರಗತಿಯನ್ನು ಪ್ರವೇಶಿಸಿದ ಬಗೆ ಇದು.

ಅದೇ ಮೊದಲ ತಂಡದಲ್ಲಿ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು. ಒಬ್ಬರದು ಕವಿಯ ಮನೋಧರ್ಮ, ಇನ್ನೊಬ್ಬರದು ಸಂಶೋಧಕರ ಮನೋಧರ್ಮ. ಒಂದೇ ತರಗತಿಯಲ್ಲಿ ಇಬ್ಬರಿಗೂ ತಕ್ಕ ಆಹಾರ ದೊರೆಯಿತು. ಕೆಲವೇ ವಿದ್ಯಾರ್ಥಿಗಳಿದ್ದ ಆ ತರಗತಿಯನ್ನು ಕಂಡು ನಕ್ಕವರೂ ಇದ್ದಿರಬಹುದು. ಆದರೆ ಆಲದ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದವನಿಗೆ ಅದರ ಬಿಳಲುಗಳು ಕಾಣುವುದಿಲ್ಲ.

ಕನ್ನಡವನ್ನು ಓದುವುದೆಂದರೆ ಏನೆಂಬುದು ಆ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಮನವರಿಕೆಯಾಯಿತು. ಆಡುವ ಕನ್ನಡ ಬಲ್ಲವನಿಗೆಲ್ಲ ಪಂಪನ ಕನ್ನಡ ತಿಳಿಯುವುದಿಲ್ಲ. ಹಳಗನ್ನಡದ ಪದ್ಯವೊಂದನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಅದರ ಪದಗಳನ್ನು ಬಿಡಿಸಬೇಕು. ಕೇಶಿರಾಜನ ವ್ಯಾಕರಣ ತಿಳಿದಿರಬೇಕು. ಛಂದಸ್ಸಿನ ನಡೆ ಕಿವಿಗೆ ಹತ್ತಬೇಕು. ಪ್ರತಿಯಿಂದ ಪ್ರತಿಗೆ ಪಾಠ ಬೇರೆಯಾದಾಗ ಕವಿಯ ಮಾತು ಯಾವುದು, ಲಿಪಿಕಾರನ ತಪ್ಪು ಯಾವುದು ಎಂದು ವಿವೇಚಿಸಬೇಕು. ಕವಿ ಬಾಳಿದ ಕಾಲವನ್ನು ಅರಿಯಲು ಶಾಸನಗಳನ್ನು ಓದಬೇಕು. ಇಷ್ಟೆಲ್ಲ ಆದ ಮೇಲೂ ಕಾವ್ಯದ ರಸ ದಕ್ಕದಿದ್ದರೆ ಓದು ವ್ಯರ್ಥ. ವಿದ್ವತ್ತು ಮತ್ತು ರಸಿಕತೆ ಇವೆರಡೂ ಹಕ್ಕಿಯ ಎರಡು ರೆಕ್ಕೆಗಳಿದ್ದಂತೆ. ವೆಂಕಣ್ಣಯ್ಯನವರು ಈ ಎರಡನ್ನೂ ಕೂಡಿಸಿಕೊಂಡಿದ್ದ ಗುರು.

ತರಗತಿಗೆ ಪುಸ್ತಕಗಳ ಅಭಾವವೂ ಇತ್ತು. ಬಾ ಎಂದು ಕರೆದವರು ಬಡಿಸಲು ಅನ್ನವನ್ನೂ ಅಣಿಮಾಡಬೇಕಷ್ಟೆ. ವೆಂಕಣ್ಣಯ್ಯನವರು ಹಳೆಯ ಕಾವ್ಯಗಳನ್ನು ಸಂಪಾದಿಸಿ ಪ್ರಕಟಿಸುವ ಕಾರ್ಯಕ್ಕೂ ಕೈಹಾಕಿದರು. ಹರಿಹರ ಕವಿಯ ಬಸವರಾಜದೇವರ ರಗಳೆ ಅವರ ಸಂಪಾದನೆಯಲ್ಲಿ ಹೊರಬಂದಿತು. ಕೃಷ್ಣಶಾಸ್ತ್ರಿಗಳೊಡನೆ ಸೇರಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಸಂಗ್ರಹಿಸಿ ಓದುಗರಿಗೆ ಒದಗಿಸಿದರು. ದೊಡ್ಡ ಕಾವ್ಯವನ್ನು ಕಂಡು ಹೆದರುವ ಹೊಸ ಓದುಗನಿಗೆ ಇಂಥ ಸಂಗ್ರಹಗಳು ಕೈಹಿಡಿದು ನಡೆಸುವ ಊರುಗೋಲಾದುವು. ಇಂದು ಶಾಲೆಯ ಮಕ್ಕಳಿಗೂ ಹರಿಶ್ಚಂದ್ರನ ಕಥೆಯ ಪದ್ಯಗಳು ಪರಿಚಿತವಾಗಿದ್ದರೆ ಆ ಹಿರಿಯರ ಶ್ರಮ ಅದರ ಹಿಂದೆ ಇದೆ.

1929ರಲ್ಲಿ ಮೊದಲ ತಂಡದವರು ಪದವಿ ಪಡೆದು ಹೊರಬಂದರು. ಪುಟ್ಟಪ್ಪನವರು ಅದೇ ವರ್ಷ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ನಿನ್ನೆ ಬೆಂಚಿನ ಮೇಲೆ ಕುಳಿತು ಕೇಳಿದವರು ಇಂದು ಗುರುಗಳ ಪಕ್ಕದಲ್ಲಿ ನಿಂತು ಹೇಳತೊಡಗಿದರು. ನರಸಿಂಹಾಚಾರ್ಯರು ಹಸ್ತಪ್ರತಿಗಳ ಶೋಧನೆಯಲ್ಲಿ ತೊಡಗಿ, ವಡ್ಡಾರಾಧನೆಯಂಥ ಪ್ರಾಚೀನ ಗದ್ಯಗ್ರಂಥವನ್ನು ಸಂಪಾದಿಸಿ, ಕನ್ನಡ ವಿದ್ವತ್ತಿನ ದೊಡ್ಡ ಹೆಸರಾದರು.

ಆದರೆ ಎಲ್ಲರ ದಾರಿಯೂ ಹೂವಿನ ಹಾಸಾಗಿರಲಿಲ್ಲ. 1931ರಲ್ಲಿ ಕನ್ನಡ ಎಂ.ಎ. ಪದವಿ ಪಡೆದ ಜಿ. ಪಿ. ರಾಜರತ್ನಂ ಅವರ ಬಾಳು ಇದಕ್ಕೆ ಸಾಕ್ಷಿ. ಪದವಿಯನ್ನು ಕೈಯಲ್ಲಿ ಹಿಡಿದು ಅವರು ಹಲವು ವರ್ಷ ಕೆಲಸಕ್ಕಾಗಿ ಅಲೆಯಬೇಕಾಯಿತು. ಕೊನೆಗೆ 1938ರಲ್ಲಿ ಅವರಿಗೆ ಕಾಲೇಜಿನಲ್ಲಿ ಕನ್ನಡ ಪಂಡಿತರ ಕೆಲಸ ದೊರೆಯಿತು. ಕನ್ನಡವನ್ನು ಆರಿಸಿಕೊಂಡವರು ತೆತ್ತ ಬೆಲೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು. ಹಿತೈಷಿಗಳು ಹೇಳಿದ್ದ ಎಚ್ಚರಿಕೆಯ ಮಾತು ಸುಳ್ಳಾಗಿರಲಿಲ್ಲ. ಆದರೂ ರಾಜರತ್ನಂ ಕನ್ನಡವನ್ನು ಬಿಡಲಿಲ್ಲ. ಆ ಕಷ್ಟದ ದಿನಗಳಲ್ಲಿಯೇ ಅವರ ರತ್ನನ ಪದಗಳು ಹುಟ್ಟಿ ನಾಡಿನ ನಾಲಗೆಯ ಮೇಲೆ ನಲಿದುವು. ಮುಂದೆ ಅವರೂ ನೂರಾರು ಎಳೆಯ ಬರಹಗಾರರನ್ನು ಪ್ರೋತ್ಸಾಹಿಸಿ, ಅವರ ಬರೆಹಗಳನ್ನು ಅಚ್ಚುಹಾಕಿಸಿ ಬೆಳೆಸಿದರು. ತಾವು ಪಡೆದ ಪ್ರೀತಿಯನ್ನು ಅವರು ಹೀಗೆ ಹಂಚಿದರು.

ವೆಂಕಣ್ಣಯ್ಯನವರು ಬರೆದ ಗ್ರಂಥಗಳ ಸಂಖ್ಯೆ ದೊಡ್ಡದಲ್ಲ. ಅವರಷ್ಟು ಓದಿದವರು, ಅವರಷ್ಟು ತಿಳಿದವರು ಇನ್ನೂ ಹೆಚ್ಚು ಬರೆಯಬಹುದಾಗಿತ್ತು ಎಂದು ಕೆಲವರಿಗೆ ಅನ್ನಿಸುವುದು ಸಹಜ. ಆದರೆ ಮನುಷ್ಯನಿಗೆ ದೊರೆಯುವ ಕಾಲ ಮಿತವಾದುದು. ಅದನ್ನು ಎಲ್ಲಿ ವೆಚ್ಚಮಾಡಬೇಕೆಂಬುದನ್ನು ಅವನವನೇ ನಿಶ್ಚಯಿಸಬೇಕು. ವೆಂಕಣ್ಣಯ್ಯನವರು ತಮ್ಮ ಕಾಲವನ್ನು ಶಿಷ್ಯರಿಗೆ ಕೊಟ್ಟರು. ಶಿಲ್ಪಿ ಕಲ್ಲಿನಲ್ಲಿ, ಕವಿ ಮಾತಿನಲ್ಲಿ ತನ್ನ ಕೃತಿಯನ್ನು ರಚಿಸುತ್ತಾನೆ. ಗುರು ರಚಿಸುವ ಕೃತಿ ಜೀವಂತವಾದುದು. ಅದು ಗುರುವನ್ನು ಮೀರಿ ಬೆಳೆಯಬಲ್ಲದು. ಹಾಗೆ ಬೆಳೆದಾಗ ಸಂತೋಷಪಡುವ ಹೃದಯವುಳ್ಳವನೇ ನಿಜವಾದ ಗುರು.

1939ರ ಫೆಬ್ರವರಿಯಲ್ಲಿ ವೆಂಕಣ್ಣಯ್ಯನವರು ತೀರಿಕೊಂಡರು. ಆಗ ಅವರಿಗೆ ಇನ್ನೂ ಐವತ್ತಮೂರು ವರ್ಷ. ಅವರ ಮರಣದಿಂದ ಶಿಷ್ಯವರ್ಗ ತಂದೆಯನ್ನು ಕಳೆದುಕೊಂಡಂತೆ ದುಃಖಿಸಿತು. ಆ ವೇಳೆಗೆ ಕುವೆಂಪು ಅವರು ಒಂದು ಮಹಾಕಾರ್ಯದಲ್ಲಿ ತೊಡಗಿದ್ದರು. 1936ರಲ್ಲಿ ಅವರು ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಬರೆಯಲು ಆರಂಭಿಸಿದ್ದರು. ಆ ಕಾವ್ಯ ಮುಗಿದುದು 1946ರಲ್ಲಿ. ತಮ್ಮ ಶಿಷ್ಯನ ಕೈಯಿಂದ ಅಂಥ ಕೃತಿ ಪೂರ್ಣವಾದುದನ್ನು ಕಾಣುವ ಭಾಗ್ಯ ಗುರುಗಳಿಗೆ ಇರಲಿಲ್ಲ.

ಆದರೆ ಶಿಷ್ಯರು ಮರೆಯಲಿಲ್ಲ. ಆ ಮಹಾಕಾವ್ಯವನ್ನು ತೆರೆದೊಡನೆ ಮೊದಲು ಕಾಣುವುದು ವೆಂಕಣ್ಣಯ್ಯನವರಿಗೆ ಮಾಡಿದ ಅರ್ಪಣೆ. ಅಗಲಿದ ಗುರುವಿನ ಅಡಿಗೆ ಶಿಷ್ಯನು ತನ್ನ ಬಾಳಿನ ಶ್ರೇಷ್ಠ ಫಲವನ್ನು ತಂದು ಒಪ್ಪಿಸುವ ದೃಶ್ಯ ಅದು. 1955ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬಳಿಕ 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಅದಕ್ಕೆ ದೊರೆಯಿತು. ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು. ದೇಶವೆಲ್ಲ ತಲೆಬಾಗಿದ ಆ ಕಾವ್ಯದ ಬಾಗಿಲಲ್ಲಿ, ಹಿಂದೆ ತರಗತಿಯ ಬಾಗಿಲಲ್ಲಿ ನಿಂತಂತೆಯೇ, ವೆಂಕಣ್ಣಯ್ಯನವರ ಹೆಸರು ನಿಂತಿದೆ.

ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಪ್ರಶಿಷ್ಯರಿಗೆ ಕನ್ನಡದ ದೀಪ ಸಾಗಿಬಂದಿತು. ಕುವೆಂಪು ಅವರು 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು. ಕನ್ನಡಕ್ಕೆ ಪೀಠವಿಲ್ಲದಿದ್ದ ವಿಶ್ವವಿದ್ಯಾನಿಲಯಕ್ಕೆ ಕನ್ನಡದ ಎಂ.ಎ. ಪದವೀಧರರೇ ಕುಲಪತಿಗಳಾದರು. ಅವರ ಶಿಷ್ಯರಾದ ದೇ. ಜವರೇಗೌಡರು ಮೈಸೂರಿನಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆಯನ್ನು ಕಟ್ಟಲು ದುಡಿದರು. ಇನ್ನೊಬ್ಬ ಶಿಷ್ಯರಾದ ಜಿ. ಎಸ್. ಶಿವರುದ್ರಪ್ಪನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಕೇಂದ್ರವನ್ನು ಬೆಳೆಸಿದರು. 1927ರ ಆ ಸಣ್ಣ ತರಗತಿಯ ಬೀಜ ಹೀಗೆ ಬಿಳಲು ಬಿಟ್ಟು ಮರವಾಯಿತು.

ವಿದ್ಯಾರ್ಥಿಗಳೇ, ನೀವೂ ಇನ್ನು ಕೆಲವು ವರ್ಷಗಳಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತುವಿರಿ. ಆಗ ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ನಿಮ್ಮೆದುರು ನಿಲ್ಲುತ್ತದೆ. ಹೊಟ್ಟೆಯ ಪಾಡನ್ನು ಯೋಚಿಸುವುದು ತಪ್ಪಲ್ಲ. ಅದನ್ನು ಯಾರೂ ಕಡೆಗಣಿಸಲಾಗದು. ಆದರೆ ಯಾವುದನ್ನು ಓದುವಾಗ ನಿಮ್ಮ ಮನಸ್ಸು ಅರಳುತ್ತದೆ ಎಂಬುದನ್ನೂ ಕೇಳಿಕೊಳ್ಳಿರಿ. ನಿಮ್ಮಲ್ಲಿ ಯಾರಾದರೂ ಭಾಷೆಯನ್ನೂ ಸಾಹಿತ್ಯವನ್ನೂ ಆರಿಸಿಕೊಂಡರೆ ಅಲ್ಲಿ ನೀವು ಒಂಟಿಯಲ್ಲ. ಸಾವಿರ ವರ್ಷದ ಕವಿಗಳು ನಿಮ್ಮನ್ನು ಎದುರುನೋಡುತ್ತಿದ್ದಾರೆ. ನೀವು ಬೇರೆ ದಾರಿ ಹಿಡಿದರೂ ನಿಮ್ಮ ಹಿಂದೆ ಬರುವ ಕಿರಿಯರೊಬ್ಬರು ಬಾಗಿಲಲ್ಲಿ ತಡವರಿಸುವುದನ್ನು ಕಂಡರೆ ಅವರನ್ನು ಒಳಗೆ ಕರೆದುಕೊಳ್ಳಿರಿ. ತಳುಕಿನ ವೆಂಕಣ್ಣಯ್ಯನವರ ಬಾಳಿನಿಂದ ನಾವು ಕಲಿಯಬೇಕಾದ ಪಾಠ ಅದು.